ಹೈಕು ಬೀಟಾ 5: ಹಳೇ ಲ್ಯಾಪ್‌ಟಾಪ್‌ಗೆ ಓಟ ಬಂತು, ಒತ್ತಕ್ಷರ ಮಾತ್ರ ಬರಲಿಲ್ಲ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಲ್ಯಾಪ್‌ಟಾಪ್ ಬಿದ್ದಿತ್ತು. 2010ರ ಆಸುಪಾಸಿನದು. 2 ಜಿಬಿ ಮೆಮೊರಿ, ಬ್ಯಾಟರಿ ಸತ್ತು ಎಷ್ಟೋ ವರ್ಷ. ಆನ್ ಮಾಡಿ ಸ್ನಾನಕ್ಕೆ ಹೋಗಿ ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಗುಜರಿಗೆ ಹಾಕೋಣ ಅಂತ ಇಳಿಸಿದವನು, ಅದಕ್ಕೂ ಮುಂಚೆ ಸುಮ್ನೆ ಒಂದು ಕೈ ನೋಡೋಣ ಅಂತ ಹೈಕು ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿದೆ. ಈಗ ಅದು ಊಟದ ಮೇಜಿನ ಮೇಲೆ ಕೂತಿದೆ, ಗುಜರಿಯವನು ಬಂದು ಹೋಗಿ ಆಯಿತು.

ಹೈಕು ಅಂದರೆ ಲಿನಕ್ಸ್‌ನ ಇನ್ನೊಂದು ಅವತಾರ ಅಂದುಕೊಳ್ಳಬೇಡಿ. ಇದರ ಕರ್ನಲ್ಲೇ (ಒಳಗಿನ ತಿರುಳು) ಬೇರೆ, ವಂಶವೇ ಬೇರೆ. ಆಪಲ್ ಬಿಟ್ಟು ಬಂದ ಝಾನ್ ಲೂಯಿ ಗಸ್ಸೆ 1990ರಲ್ಲಿ ಬಿ ಅನ್ನೋ ಕಂಪನಿ ಶುರು ಮಾಡಿ ಬಿಓಎಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಮಾಡಿದರು. 1996ರಲ್ಲಿ ಆಪಲ್ ಅದನ್ನು ಕೊಳ್ಳುವ ಮಾತುಕತೆ ನಡೆಸಿ, ಕೊನೆಗೆ ಅದನ್ನು ಬಿಟ್ಟು ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು ತೆಗೆದುಕೊಂಡಿತು. ಜಾಬ್ಸ್ ಆಪಲ್‌ಗೆ ವಾಪಸ್ ಬಂದದ್ದು ಹಾಗೆ. ಬಿ ಕಂಪನಿ 2001ರಲ್ಲಿ ಪಾಮ್‌ಗೆ 1.1 ಕೋಟಿ ಡಾಲರ್‌ಗೆ ಮಾರಾಟವಾಯಿತು. ಅದೇ ವರ್ಷ ಅಭಿಮಾನಿಗಳು, ಕಂಪನಿ ಹೋದರೆ ಹೋಗಲಿ ನಾವೇ ಮೊದಲಿಂದ ಬರೀತೀವಿ ಅಂತ ಕೂತರು. 2004ರಲ್ಲಿ ಹೈಕು ಅಂತ ಹೆಸರಿಟ್ಟರು. ಜಪಾನಿನ ಮೂರು ಸಾಲಿನ ಪದ್ಯದ ಹೆಸರು ಯಾಕೆ ಅಂದರೆ, ಬಿಓಎಸ್‌ನ ಬ್ರೌಸರ್‌ನಲ್ಲಿ ಪುಟ ಸಿಗದಿದ್ದಾಗ ಬರುತ್ತಿದ್ದ ಸಂದೇಶಗಳು ಹೈಕು ರೂಪದಲ್ಲಿ ಇರುತ್ತಿದ್ದವು. ಪೂರ್ತಿಯಾಗುವ ಮುಂಚೆ ಪರೀಕ್ಷೆಗೆ ಅಂತ ಬಿಡುವ ಆವೃತ್ತಿಗಳಲ್ಲಿ ಮೊದಲ ಆಲ್ಫಾ 2009ರಲ್ಲಿ, ಮೊದಲ ಬೀಟಾ 2018ರಲ್ಲಿ, ನಾನು ಹಾಕಿದ ಐದನೇ ಬೀಟಾ 2024ರ ಸೆಪ್ಟೆಂಬರ್‌ನಲ್ಲಿ ಬಂತು. ಇವರ ಬೀಟಾ ಅಂದರೆ ಎರಡು ತಿಂಗಳು ಆಡಿಸಿ ಬಿಡುವ ಬೀಟಾ ಅಲ್ಲ. ಮೊದಲ ಬೀಟಾ ಬಂದ ವರ್ಷ ಹುಟ್ಟಿದ ಮಗು ಐದನೆಯದು ಬರುವಾಗ ಒಂದನೇ ಕ್ಲಾಸ್‌ನಲ್ಲಿತ್ತು.

ಹಾಕುವ ಕೆಲಸ ಸುಲಭ. ಇಮೇಜ್ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಬರೆದರೆ ಅದರಿಂದಲೇ ನೇರವಾಗಿ ಓಡುತ್ತದೆ, ಡಿಸ್ಕ್ ಮುಟ್ಟಬೇಕಾಗಿಲ್ಲ. ಒಂದು ಸಂಜೆ ಹಾಗೇ ಆಡಿದೆ. ಆಮೇಲೆ ಡ್ರೈವ್‌ಸೆಟಪ್ ತೆರೆದು ಡಿಸ್ಕ್‌ನಲ್ಲಿ ಒಂದು ಪಾರ್ಟಿಷನ್ (ಪಾಲು) ಮಾಡಿ, ಅದನ್ನು ಹೈಕುವಿನ ಫೈಲ್ ಸಿಸ್ಟಂ ಆದ ಬಿಎಫ್ಎಸ್‌ಗೆ ಫಾರ್ಮ್ಯಾಟ್ ಮಾಡಿ, ಇನ್‌ಸ್ಟಾಲ್ ಒತ್ತಿದೆ. ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸೀಟಿ ಹೊಡೆಯುವ ಹೊತ್ತಿಗೆ ಮುಗಿದಿತ್ತು. ಯಂತ್ರವನ್ನು ಮೊದಲು ಎಬ್ಬಿಸುವ ಪ್ರೋಗ್ರಾಮ್ ಹಳೇ ಬಯೋಸ್ ಆಗಿದ್ದರೆ ಇಷ್ಟು ಸಾಕು. ಈಚಿನ ಯುಇಎಫ್‌ಐ ಯಂತ್ರವಾದರೆ ಸೆಕ್ಯೂರ್ ಬೂಟ್ ಆಫ್ ಮಾಡಬೇಕು, ಜೊತೆಗೆ ಬೂಟ್ ಫೈಲನ್ನು ಇಎಫ್‌ಐ ಪಾರ್ಟಿಷನ್‌ಗೆ ಪ್ರತ್ಯೇಕವಾಗಿ ಹಾಕಬೇಕು. ಹೊಸಬರು ಎಡವುವುದು ಇಲ್ಲೇ.

ಇನ್ನು ವೇಗ. ಬೂಟ್ ಪರದೆಯಲ್ಲಿ ಸಾಲಾಗಿ ಪುಟ್ಟ ಚಿತ್ರಗಳಿವೆ, ಅವು ಒಂದೊಂದಾಗಿ ಬೆಳಗುತ್ತಾ ಹೋಗುತ್ತವೆ, ಕೊನೆಯದು ಬೆಳಗಿತು ಅನ್ನುವಷ್ಟರಲ್ಲಿ ಡೆಸ್ಕ್‌ಟಾಪ್ ಎದುರಿಗಿರುತ್ತದೆ. ಅದೇ ಲ್ಯಾಪ್‌ಟಾಪ್ ಇದು ಅಂತ ಹೆಂಡತಿ ನಂಬಲಿಲ್ಲ. ಆದರೆ ಬೂಟ್ ವೇಗಕ್ಕಿಂತ ನನಗೆ ಜಾಸ್ತಿ ಇಷ್ಟವಾದದ್ದು ಆಮೇಲಿನದು. ಕ್ಲಿಕ್ ಮಾಡಿದ ತಕ್ಷಣ ಮೆನು ಬರುತ್ತದೆ. ದೊಡ್ಡ ಫೋಲ್ಡರ್ ಕಾಪಿ ಆಗುತ್ತಿರುವಾಗ, ಹಾಡು ಓಡುತ್ತಿರುವಾಗ, ನಾಲ್ಕು ವಿಂಡೋ ತೆರೆದಿರುವಾಗಲೂ ಅಷ್ಟೇ. ಬಿಓಎಸ್ ಕಾಲದಿಂದಲೂ ಇಲ್ಲಿ ಪ್ರತಿ ವಿಂಡೋಗೂ ಅದರದೇ ಥ್ರೆಡ್, ಅಂದರೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆ, ಇರುತ್ತದೆ. ಒಳಗಡೆ ಯಾವುದೋ ಕೆಲಸ ನಿಧಾನವಾದರೂ ಮಿಕ್ಕ ವಿಂಡೋಗಳು ಅದಕ್ಕಾಗಿ ಕಾಯುತ್ತಾ ಕೂರುವುದಿಲ್ಲ. 384 ಎಂಬಿ ಮೆಮೊರಿ ಇದ್ದರೂ ಓಡುತ್ತದೆ ಅಂತ ಹೈಕು ಮಾಡುವವರೇ ಹೇಳುತ್ತಾರೆ. ಆ ಲೆಕ್ಕದಲ್ಲಿ ನನ್ನ 2 ಜಿಬಿ ಶ್ರೀಮಂತಿಕೆ.

ನೋಡೋಕೆ 90ರ ದಶಕದ ಹಾಗೇ ಇದೆ. ವಿಂಡೋ ಮೇಲೆ ಪೂರ್ತಿ ಅಗಲದ ಪಟ್ಟಿ ಇಲ್ಲ, ಹಳದಿ ಬಣ್ಣದ ಒಂದು ಕಿವಿ ಇದೆ ಅಷ್ಟೇ. ಹಳೇ ಕಚೇರಿ ಫೈಲುಗಳಿಗೆ ಅಂಟಿಸಿರುವ ಚೀಟಿ ಥರ. ವಿಂಡೋಸ್ ಕೀ ಒತ್ತಿಕೊಂಡು ಒಂದು ಕಿವಿಯನ್ನು ಇನ್ನೊಂದರ ಮೇಲೆ ಎಳೆದು ಬಿಟ್ಟರೆ ಎರಡು ವಿಂಡೋ ಸೇರಿ ಒಂದಾಗುತ್ತವೆ, ಅವು ಬೇರೆ ಬೇರೆ ಪ್ರೋಗ್ರಾಮ್‌ಗಳದ್ದಾದರೂ ಪರವಾಗಿಲ್ಲ. ಲೆಕ್ಕದ ಫೈಲು, ಫೋಲ್ಡರ್, ಟರ್ಮಿನಲ್ ಮೂರನ್ನೂ ಒಂದೇ ಕಟ್ಟಾಗಿ ಇಟ್ಟುಕೊಂಡೆ. ಎರಡು ದಿನದಲ್ಲಿ ಇದು ಎಷ್ಟು ರೂಢಿಯಾಯಿತು ಅಂದರೆ ಆಫೀಸ್ ಯಂತ್ರದಲ್ಲೂ ಹಾಗೇ ಎಳೆದು ಪೆಚ್ಚಾದೆ. ಕಾಪಿಗೆ ಕಂಟ್ರೋಲ್ ಸಿ ಅಲ್ಲ, ಆಲ್ಟ್ ಸಿ. ಬೇಕಾದರೆ ಕೀಮ್ಯಾಪ್ ಸೆಟ್ಟಿಂಗ್‌ನಲ್ಲಿ ಬದಲಿಸಿಕೊಳ್ಳಬಹುದು. ನಾನು ಹಟಕ್ಕೆ ಬಿದ್ದು ಹಾಗೇ ಬಿಟ್ಟೆ, ಈಗ ಎರಡೂ ಕಡೆ ತಪ್ಪು ಒತ್ತುತ್ತೇನೆ.

ಇದರ ಫೈಲ್ ಸಿಸ್ಟಂ ಬಗ್ಗೆ ಒಂದು ಮಾತು ಹೇಳಲೇಬೇಕು, ಅದರಿಂದ ಪೆಟ್ಟು ತಿಂದವನು ನಾನು. ಬಿಎಫ್ಎಸ್‌ನಲ್ಲಿ ಫೈಲಿನ ಒಳಗಿನ ಮಾಹಿತಿ ಬೇರೆ, ಫೈಲಿಗೆ ಅಂಟಿಕೊಂಡಿರುವ ಗುಣಗಳು ಬೇರೆ. ಪೀಪಲ್ ಅನ್ನೋ ಪ್ರೋಗ್ರಾಮ್‌ನಲ್ಲಿ ಒಬ್ಬರ ಹೆಸರು, ಫೋನ್ ನಂಬರ್, ಊರು ತುಂಬಿ ಉಳಿಸಿದರೆ ಒಂದು ಫೈಲ್ ಆಗುತ್ತದೆ. ಆ ಫೈಲಿನ ಅಳತೆ ಸೊನ್ನೆ! ಎಲ್ಲವೂ ಗುಣಗಳಲ್ಲೇ ಇರುತ್ತದೆ. ಫೋಲ್ಡರ್ ತೆರೆದರೆ ಹೆಸರು ಒಂದು ಕಾಲಂ, ಫೋನ್ ಒಂದು ಕಾಲಂ, ಊರು ಒಂದು ಕಾಲಂ. ಊರು ಹಾಸನ ಇರುವವರನ್ನೆಲ್ಲ ಕೊಡು ಅಂತ ಒಂದು ಹುಡುಕಾಟವನ್ನು ಉಳಿಸಿಟ್ಟರೆ, ಆಮೇಲೆ ಹಾಸನದವರೊಬ್ಬರನ್ನು ಸೇರಿಸಿದಾಗ ತೆರೆದಿರುವ ಪಟ್ಟಿಗೆ ಅವರು ತಾವಾಗಿಯೇ ಬಂದು ಕೂರುತ್ತಾರೆ. ಬೇರೆ ಡೇಟಾಬೇಸ್ ಬೇಡ, ಆ್ಯಪ್ ಬೇಡ. ಖುಷಿಯಾಗಿ ಹಾಲಿನವರು, ಪ್ಲಂಬರ್, ನೆಂಟರು ಇಷ್ಟರು ಅಂತ ನಲವತ್ತು ಜನರನ್ನು ತುಂಬಿಸಿದೆ. ಆಮೇಲೆ ಪಾರ್ಟಿಷನ್ ಚಿಕ್ಕದಾಯಿತು, ಮತ್ತೆ ಹಾಕೋಣ ಅಂತ ಆ ಫೋಲ್ಡರನ್ನು ಮಾಮೂಲಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು ಡಿಸ್ಕ್ ಒರೆಸಿದೆ. ವಾಪಸ್ ಹಾಕಿದಾಗ ನಲವತ್ತು ಹೆಸರೂ ಇದ್ದವು, ಒಂದು ನಂಬರೂ ಇರಲಿಲ್ಲ. ಪೆನ್‌ಡ್ರೈವ್‌ನ ಫ್ಯಾಟ್ ಪದ್ಧತಿಗೆ ಈ ಗುಣಗಳನ್ನು ಇಟ್ಟುಕೊಳ್ಳೋಕೆ ಜಾಗವೇ ಇಲ್ಲ, ಸೊನ್ನೆ ಅಳತೆಯ ಫೈಲು ಸೊನ್ನೆಯಾಗಿಯೇ ಹೋಗಿ ಸೊನ್ನೆಯಾಗಿಯೇ ಬಂತು. ಹೈಕುವಿನಲ್ಲೇ ಜಿಪ್ ಮಾಡಿ ಒಯ್ದಿದ್ದರೆ ಎಲ್ಲ ಉಳಿಯುತ್ತಿತ್ತು. ಓದಿಕೊಳ್ಳದೆ ಹಾರಿದ್ದು ನನ್ನದೇ ತಪ್ಪು. ಬೈಸಿಕೊಂಡದ್ದೂ ನಾನೇ, ಯಾಕಂದರೆ ಆ ನಂಬರ್ ಚೀಟಿಗಳನ್ನು ಹೆಂಡತಿ ಹುಡುಕಿ ಹುಡುಕಿ ಓದಿ ಹೇಳಿದ್ದಳು.

ನೆಟ್ ವಿಷಯಕ್ಕೆ ಬರೋಣ. ವೈಫೈ ಡ್ರೈವರ್‌ಗಳನ್ನು ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಂಗಳಿಂದ ತಂದುಕೊಂಡಿದ್ದಾರೆ, ಹಾಗಾಗಿ ಬಹಳ ಕಾರ್ಡ್‌ಗಳು ಓಡುತ್ತವೆ. ನನ್ನ ಹಳೇ ಕಾರ್ಡ್ ಮಾತ್ರ ಆ ಅದೃಷ್ಟವಂತರ ಪಟ್ಟಿಯಲ್ಲಿ ಇರಲಿಲ್ಲ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ ಹಂಚಿಕೊಳ್ಳುವುದು) ಆನ್ ಮಾಡಿದೆ, ಒಂದು ಮಾತೂ ಕೇಳದೆ ನೆಟ್ ಬಂತು. ಈ ಸೌಕರ್ಯ ನಾಲ್ಕನೇ ಬೀಟಾದಿಂದ ಇದೆ. ಪ್ರೋಗ್ರಾಮ್‌ಗಳಿಗೆ ಹೈಕುಡಿಪೋ ಅನ್ನೋ ಅಂಗಡಿ ಇದೆ, ಎಲ್ಲ ಪುಕ್ಕಟೆ. ಪ್ಯಾಕೇಜನ್ನು ಬಿಚ್ಚಿ ಡಿಸ್ಕ್ ತುಂಬ ಹರಡುವ ಪದ್ಧತಿ ಇಲ್ಲಿಲ್ಲ. ಪ್ಯಾಕೇಜ್ ಫೈಲನ್ನು ಒಂದು ಫೋಲ್ಡರ್‌ನಲ್ಲಿ ಇಟ್ಟರೆ ಪ್ರೋಗ್ರಾಮ್ ಬಂತು, ತೆಗೆದರೆ ಹೋಯಿತು. ಅಪ್‌ಡೇಟ್ ಮಾಡಿ ಏನಾದರೂ ಕೆಟ್ಟರೆ, ಬೂಟ್ ಆಗುವಾಗ ಮೆನುವಿಗೆ ಹೋಗಿ ಹಿಂದಿನ ಸ್ಥಿತಿಯನ್ನು ಆರಿಸಿಕೊಂಡರೆ ನಿನ್ನೆ ಹೇಗಿತ್ತೋ ಹಾಗೆ ಏಳುತ್ತದೆ. ಬೀಟಾ ಅನ್ನೋ ಹೆದರಿಕೆ ನನಗೆ ಅರ್ಧ ಹೋದದ್ದು ಇದನ್ನು ನೋಡಿ.

ಬ್ರೌಸರ್ ಎರಡು ಥರ. ಜೊತೆಗೇ ಬರುವ ವೆಬ್‌ಪಾಸಿಟಿವ್ ಹಗುರ, ಸಾದಾ ಪುಟಗಳಿಗೆ ಸಾಕು. ವಿಡಿಯೋ, ಭಾರದ ಜಾಲತಾಣ ಅಂದರೆ ಏದುಸಿರು ಬಿಡುತ್ತದೆ. ಫೈರ್‌ಫಾಕ್ಸನ್ನು ಐಸ್‌ವೀಸಲ್ ಅನ್ನೋ ಹೆಸರಿನಲ್ಲಿ 64 ಬಿಟ್ ಹೈಕುಗೆ ತಂದಿದ್ದಾರೆ. ಅದರಲ್ಲಿ ಜಾಸ್ತಿ ತಾಣಗಳು ಸರಿಯಾಗಿ ಬರುತ್ತವೆ, ಆದರೆ 2 ಜಿಬಿಯಲ್ಲಿ ಅದನ್ನು ತೆರೆದರೆ ಇಷ್ಟು ಹೊತ್ತು ಹೊಗಳಿದ ವೇಗ ಎಲ್ಲ ನೀರಿಗೆ ಹೋಯಿತು.

ಈಗ ಕನ್ನಡ. ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ.

ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ, ಸ್ಟೈಲ್ಡ್‌ಎಡಿಟ್ ಅನ್ನೋ ಟಿಪ್ಪಣಿ ಪ್ರೋಗ್ರಾಮ್‌ನಲ್ಲಿ ನನ್ನ ದಿನಸಿ ಪಟ್ಟಿ ತೆರೆದೆ. ಅಕ್ಕಿ, ಉದ್ದಿನಬೇಳೆ, ಎಣ್ಣೆ, ಕೊತ್ತಂಬರಿ. ಅಕ್ಷರಗಳೇನೋ ಬಂದವು. ಆದರೆ ಅಕ್ಕಿಯ ಜಾಗದಲ್ಲಿ ಒಂದು ಕ, ಪಕ್ಕದಲ್ಲಿ ಅನಾಥವಾಗಿ ನಿಂತ ಅರ್ಧಾಕ್ಷರದ ಗುರುತು, ಆಮೇಲೆ ಇನ್ನೊಂದು ಕ, ಅದರ ತಲಕಟ್ಟು ಹಾಗೇ ಇದ್ದು ಅದರ ಮೇಲೆ ಗುಡಿಸು ಬೇರೆ! ಒತ್ತಕ್ಷರ ಕೆಳಗಿಳಿಯಲೇ ಇಲ್ಲ. ಎಣ್ಣೆಯದ್ದೂ ಅದೇ ಗತಿ. ಪೂರ್ತಿ ಪಟ್ಟಿಯಲ್ಲಿ ಯಾವುದಾದರೂ ಪದ ಸರಿಯಾಗಿದೆಯಾ ಅಂತ ಹುಡುಕಿದೆ, ಒಂದೂ ಇಲ್ಲ. ಕುತೂಹಲಕ್ಕೆ ಬೇರೆ ಬೇರೆ ಪದ ಹಾಕಿ ನೋಡಿದೆ. ಅರಸ ಸರಿ ಬಂತು. ಗರಗಸ ಸರಿ ಬಂತು. ಕಮಲ, ಗಗನ, ಸರಸರ ಎಲ್ಲ ಸರಿ. ಅಂದರೆ ಹೈಕುಗೆ ಅಕ್ಷರಮಾಲೆ ಬಂದಿದೆ, ಕಾಗುಣಿತ ಇನ್ನೂ ಬಂದಿಲ್ಲ!

ಕಾರಣ ಗೊತ್ತಿರುವುದೇ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕ್ಕ ಅನ್ನೋದಕ್ಕೆ ಪ್ರತ್ಯೇಕ ಸಂಕೇತ ಇಲ್ಲ. ಕ, ಆ ಅರ್ಧಾಕ್ಷರದ ಗುರುತು, ಮತ್ತೆ ಕ, ಹೀಗೆ ಮೂರನ್ನು ಸಾಲಾಗಿ ಇಡುತ್ತಾರೆ. ಈ ಮೂರು ಸೇರಿದಾಗ ಒತ್ತಕ್ಷರ ಬರೆಯಬೇಕು ಅಂತ ಫಾಂಟ್ ಒಳಗಿನ ಕೋಷ್ಟಕ ನೋಡಿ ಹೇಳುವ ಒಂದು ಪದರ ಬೇಕು. ಹಾರ್ಫ್‌ಬಜ್ ಅನ್ನೋ ತಂತ್ರಾಂಶ ಮಾಡುವುದು ಆ ಕೆಲಸವನ್ನೇ. ಹೈಕುವಿನ ಸ್ವಂತ ಪಠ್ಯ ಬರೆಯುವ ಭಾಗದಲ್ಲಿ ಆ ಪದರ ಇಲ್ಲ. ಒಂದು ಸಂಕೇತಕ್ಕೆ ಒಂದು ಆಕಾರ, ಇಂಗ್ಲಿಷ್‌ಗೆ ಅಷ್ಟು ಸಾಕಲ್ವಾ. ಹಿಂದಿ, ತಮಿಳು, ಅರಬ್ಬಿ ಎಲ್ಲಕ್ಕೂ ಇದೇ ಪಾಡು. ತಮಾಷೆ ಅಂದರೆ ಹಾರ್ಫ್‌ಬಜ್ ಇದೇ ಯಂತ್ರದಲ್ಲಿ ಇದೆ! ಲಿಬ್ರೆಆಫೀಸ್ ಹಾಕಿ ಅದೇ ಪಟ್ಟಿ ತೆರೆದೆ, ಅಕ್ಕಿ ಅಕ್ಕಿಯಾಗಿಯೇ ಬಂತು. ಐಸ್‌ವೀಸಲ್‌ನಲ್ಲೂ ಕನ್ನಡ ಚೆನ್ನಾಗಿದೆ. ಅವು ಹೊರಗಿನಿಂದ ಬಂದ ಪ್ರೋಗ್ರಾಮ್‌ಗಳು, ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಬಂದಿವೆ. ಆದರೆ ಹೈಕುವಿನ ಚೆಂದ ಇರುವುದು ಅದರದೇ ಪುಟ್ಟ ಪ್ರೋಗ್ರಾಮ್‌ಗಳಲ್ಲಿ. ಅಲ್ಲೇ ಕನ್ನಡ ಇಲ್ಲ ಅಂದರೆ ಏನು ಮಾಡೋದು, ನಾನು ಆ ನಲವತ್ತು ಹೆಸರುಗಳನ್ನೂ ಇಂಗ್ಲಿಷ್‌ನಲ್ಲೇ ತುಂಬಿದ್ದು ಇದಕ್ಕೇ.

ಆಮೇಲೆ ಒಂದು ಕಿಡಿಗೇಡಿ ಯೋಚನೆ ಬಂತು. ಯುನಿಕೋಡ್ ರೂಢಿಗೆ ಬರುವ ಮುಂಚೆ ನಾವೆಲ್ಲ ನುಡಿ ತಂತ್ರಾಂಶದಲ್ಲಿ ಬರೆಯುತ್ತಿದ್ದೆವಲ್ಲ? ಆ ಹಳೇ ನುಡಿ ಫಾಂಟ್‌ನಲ್ಲಿ ಕನ್ನಡದ ಒಂದೊಂದು ತುಂಡಿಗೂ, ಒತ್ತಿಗೂ, ಕೊಂಬಿಗೂ ಇಂಗ್ಲಿಷ್ ಕಡೆಯ ಒಂದೊಂದು ಸಂಕೇತ ಕೊಟ್ಟಿದ್ದರು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಿಸುತ್ತಿತ್ತು, ನೆನಪಿದೆಯಾ. ಹಳೇ ಸಿಡಿಯಿಂದ ಅಪ್ಪ ಟೈಪ್ ಮಾಡಿಸಿದ್ದ ಒಂದು ಅರ್ಜಿ ಹುಡುಕಿ, ನುಡಿ ಫಾಂಟನ್ನು ಹೈಕುವಿನ ಫಾಂಟ್ ಫೋಲ್ಡರ್‌ಗೆ ಹಾಕಿ, ಆ ಸಂತೆಯನ್ನು ಸ್ಟೈಲ್ಡ್‌ಎಡಿಟ್‌ಗೆ ಅಂಟಿಸಿ ಫಾಂಟ್ ಬದಲಿಸಿದೆ. ಗ್ರಾಮ ಪಂಚಾಯತಿ ಅಧ್ಯಕ್ಷರಿಗೆ ನಲ್ಲಿ ನೀರಿನ ಬಗ್ಗೆ ಬರೆದ ಅರ್ಜಿ, ಒಂದು ಒತ್ತೂ ತಪ್ಪದೆ ಓದಲು ಬಂತು. ಇಲ್ಲಿ ಒಂದು ಸಂಕೇತಕ್ಕೆ ಒಂದು ಆಕಾರ ಸಾಕು, ನುಡಿ ಬೇಡುತ್ತಿದ್ದದ್ದೂ ಅಷ್ಟೇ. ಯಾವುದನ್ನು ಬಿಟ್ಟು ಯುನಿಕೋಡ್‌ಗೆ ಬನ್ನಿ ಅಂತ ನಾನು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದೆನೋ ಅದೇ ಇಲ್ಲಿ ಗೆದ್ದಿತು.

ಇದನ್ನು ಯಾರು ಹಾಕಬಹುದು? ದಿನದ ಕೆಲಸಕ್ಕೆ ಒಂದೇ ಯಂತ್ರ ಇರುವವರು ಖಂಡಿತ ಬೇಡ. ಮುಚ್ಚಳ ಮುಚ್ಚಿದರೆ ನಿದ್ದೆ ಮಾಡಿಸುವ ಸೌಕರ್ಯ ಇಲ್ಲ. ಗ್ರಾಫಿಕ್ಸ್ ಕಾರ್ಡಿನ 3ಡಿ ಶಕ್ತಿ ಬಳಸುವುದಿಲ್ಲ, ಹಾಗಾಗಿ ದೊಡ್ಡ ಆಟ, ಭಾರದ ವಿಡಿಯೋ ಮರೆತುಬಿಡಿ. ಮನೆಮಂದಿಗೆ ಬೇರೆ ಬೇರೆ ಲಾಗಿನ್ ಇಲ್ಲ, ಯಾರು ಕೂತರೂ ಎಲ್ಲದಕ್ಕೂ ಅವರೇ ಯಜಮಾನರು. ಮಕ್ಕಳಿರುವ ಮನೆಯಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಟ್ಟದ ಮೇಲೆ ಒಂದು ಯಂತ್ರ, ಕೈಯಲ್ಲಿ ಒಂದು ಭಾನುವಾರ, ಒಂದು 4 ಜಿಬಿ ಪೆನ್‌ಡ್ರೈವ್ ಇದ್ದವರು ಒಮ್ಮೆ ಹಾಕಿ ನೋಡಿ.

ನನ್ನದು ಈಗ ಹಾಡು ಹಾಕುತ್ತದೆ, ಮನೆ ಲೆಕ್ಕ ಇಡುತ್ತದೆ. ನಂಬರ್‌ಗಳನ್ನು ಎರಡನೇ ಸಲ ತುಂಬುತ್ತಿದ್ದೇನೆ, ಹದಿನೇಳು ಜನ ಆಗಿದ್ದಾರೆ, ಈ ಸಲ ವಾರಕ್ಕೊಮ್ಮೆ ಜಿಪ್. ದಿನಸಿ ಪಟ್ಟಿಯನ್ನು ಡೆಸ್ಕ್‌ಟಾಪ್ ಮೇಲೆ ಹಾಗೇ ಬಿಟ್ಟಿದ್ದೇನೆ. ಆರನೇ ಬೀಟಾ ಬಂದ ದಿನ ಮೊದಲು ತೆರೆಯುವುದು ಅದನ್ನೇ, ಅಕ್ಕಿಗೆ ಒತ್ತು ಬಂತಾ ನೋಡೋಕೆ.