ಬೇರು ನೋಡಿ ಕುಂಡ ಬದಲಾಯಿಸುವ ನರ್ಸರಿ: ಮೈಸೂರಿನ ಒಂದು ಸೇವೆಯ ವಿಮರ್ಶೆ

ಮೈಸೂರಿನಲ್ಲಿ ಗಿಡ ಮಾರುವವರಿಗೆ ಕೊರತೆಯಿಲ್ಲ. ಆದರೆ ಮನೆಯೊಳಗೆ ಬೆಳೆದ ಗಿಡವನ್ನು ತೆಗೆದುಕೊಂಡು ಹೋದರೆ ಅದರ ಕುಂಡ, ಮಣ್ಣು ಎರಡನ್ನೂ ಬದಲಾಯಿಸಿಕೊಡುವುದನ್ನು ಒಂದು ಸೇವೆಯೆಂದು ನಡೆಸುವವರು ಕಡಿಮೆ. ಊರಿನ ಹೊರ ಅಂಚಿನಲ್ಲಿರುವ ಒಂದು ನರ್ಸರಿ ಈ ಕೆಲಸ ಮಾಡುತ್ತದೆ. ಅದರ ಹೆಸರನ್ನು ಬರೆಯುತ್ತಿಲ್ಲ; ಮುಂದೆ ಹೇಳುವ ದೂರುಗಳಲ್ಲಿ ಹೆಚ್ಚಿನವು ಬೇರೆ ನರ್ಸರಿಗಳಿಗೂ ಸಲ್ಲುತ್ತವೆಯಾದ್ದರಿಂದ ಒಬ್ಬರನ್ನೇ ಬೊಟ್ಟುಮಾಡಿ ತೋರಿಸುವುದು ನ್ಯಾಯವಲ್ಲ. 8 ಇಂಚಿನವರೆಗಿನ ಕುಂಡಕ್ಕೆ ಮಣ್ಣು ಮತ್ತು ಕೂಲಿ ಸೇರಿ 120 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 200 ರೂಪಾಯಿ ತೆಗೆದುಕೊಳ್ಳುತ್ತಾರೆ; ಕುಂಡದ ಬೆಲೆ ಬೇರೆ.

ಈ ಸೇವೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅಲ್ಲಿನ ಹಿರಿಯ ಮಾಲಿಯ ಒಂದು ಅಭ್ಯಾಸ. ಗಿಡವನ್ನು ಕೈಗೆ ತೆಗೆದುಕೊಂಡ ಕೂಡಲೇ ಅವರು ಯಾವ ಕುಂಡ ಬೇಕೆಂದು ಕೇಳುವುದಿಲ್ಲ. ಮೊದಲು ಅಡಿಯ ತೂತುಗಳನ್ನು ನೋಡುತ್ತಾರೆ, ಬಳಿಕ ಕುಂಡವನ್ನು ವಾಲಿಸಿ, ಬುಡವನ್ನು ಬೆರಳ ಸಂದಿಯಲ್ಲಿ ಹಿಡಿದು, ಮಣ್ಣಿನ ಉಂಡೆಯನ್ನು ಒಡೆಯದೆ ಹೊರಕ್ಕೆ ಜಾರಿಸಿ ಬೇರನ್ನು ಪರೀಕ್ಷಿಸುತ್ತಾರೆ. ನಾನು ಒಯ್ದಿದ್ದ ಮಾನ್‌ಸ್ಟೆರಾದ ಬೇರು ಕುಂಡದ ಒಳಗೋಡೆಗೆ ಸುತ್ತು ಹಾಕಿಕೊಂಡು ಮಣ್ಣೇ ಕಾಣದಷ್ಟು ತುಂಬಿತ್ತು. ಹಾಕಿದ ನೀರು ಮಣ್ಣಿಗೆ ಇಳಿಯದೆ ಅಂಚಿನಿಂದ ಜಾರಿ ತಟ್ಟೆಗೆ ಬೀಳುತ್ತಿದ್ದುದಕ್ಕೆ ಅದೇ ಕಾರಣ. ಜೀಜೀ ಪ್ಲಾಂಟಿನ ಗೆಡ್ಡೆಗಳು ಪ್ಲಾಸ್ಟಿಕ್ ಕುಂಡದ ಪಕ್ಕವನ್ನೇ ಉಬ್ಬಿಸಿದ್ದವು. ಇವೆರಡನ್ನೂ ಅವರು ಬದಲಾಯಿಸಲು ಒಪ್ಪಿದರು. ಪೀಸ್ ಲಿಲ್ಲಿಯನ್ನು ಮಾತ್ರ ಹಾಗೆಯೇ ಕುಂಡಕ್ಕೆ ಇಳಿಸಿ, "ಇದಕ್ಕಿನ್ನೂ ಜಾಗ ಇದೆ ಅಮ್ಮಾ, ಹೂ ಬೇರೆ ಬಿಟ್ಟಿದೆ. ಹೂ ಮುಗೀಲಿ, ಬೇರು ತುಂಬಲಿ, ಆಮೇಲೆ ತನ್ನಿ" ಎಂದು ಹಿಂದಕ್ಕೆ ಕೊಟ್ಟರು. ಸಿಗಬಹುದಾಗಿದ್ದ ಕೂಲಿಯನ್ನು ಹೀಗೆ ಬಿಟ್ಟುಕೊಡುವ ಅಂಗಡಿಯ ಮಾತನ್ನು ನಂಬಬಹುದು.

ಎಲೆ ಹಳದಿಯಾದ ತಕ್ಷಣ ಕುಂಡ ಬದಲಾಯಿಸಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮನೆಯೊಳಗಿನ ಗಿಡಗಳಲ್ಲಿ ಎಲೆ ಹಳದಿಯಾಗುವುದಕ್ಕೆ ಬಹುಮಟ್ಟಿಗೆ ಅತಿಯಾದ ನೀರೇ ಕಾರಣವಾಗಿರುತ್ತದೆ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ನೀರನ್ನು ಕಡಿಮೆ ಮಾಡಿದರೆ ಸಾಕು. ಬೇರು ಕಪ್ಪಾಗಿ, ಮೆತ್ತಗಾಗಿ, ಕೊಳೆತ ವಾಸನೆ ಬರುತ್ತಿದ್ದರೆ ಮಾತ್ರ ಕಾಲ ನೋಡದೆ ಅದನ್ನು ಕತ್ತರಿಸಿ ಹೊಸ ಮಣ್ಣಿಗೆ ಹಾಕಬೇಕಾಗುತ್ತದೆ. ಬಣ್ಣವೊಂದನ್ನೇ ನೆಚ್ಚುವುದೂ ಸರಿಯಲ್ಲ. ನನ್ನ ಸ್ನೇಕ್ ಪ್ಲಾಂಟಿನ ಕಿತ್ತಳೆ ಬಣ್ಣದ ಬೇರನ್ನು ನೋಡಿ ಅಲ್ಲಿನ ಹುಡುಗನೊಬ್ಬ ಕತ್ತರಿ ಎತ್ತಿಕೊಂಡಿದ್ದ. ಆ ಜಾತಿಗೆ ಅದೇ ಸಹಜ ಬಣ್ಣವೆಂದು ಹೇಳಿ ಹಿರಿಯರು ತಡೆದರು. ಅವರು ಇಲ್ಲದ ದಿನ ಹೋದವರ ಗಿಡದ ಗತಿ ಏನೆಂಬ ಅನುಮಾನ ನನಗೆ ಇನ್ನೂ ಇದೆ.

ಕಾಲದ ವಿಷಯದಲ್ಲಿ ಅವರ ಸಲಹೆ ಪುಸ್ತಕದ್ದಲ್ಲ, ಊರಿನದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿನ ತಾಪಮಾನ 16-17 ಡಿಗ್ರಿಗೆ ಇಳಿಯುವುದರಿಂದ ಉಷ್ಣವಲಯದ ಗಿಡಗಳು ಆಗ ಹೆಚ್ಚು ಬೆಳೆಯುವುದಿಲ್ಲ. ಕದಡಿದ ಬೇರು ಹೊಸ ಮಣ್ಣನ್ನು ಹಿಡಿಯಲು ತಡವಾಗುತ್ತದೆ, ಅಷ್ಟರಲ್ಲಿ ಹಸಿ ಮಣ್ಣು ಅದನ್ನು ಕೊಳೆಸಬಹುದು. ಏಪ್ರಿಲ್‌ನ 35 ಡಿಗ್ರಿ ಬಿಸಿಲಿನಲ್ಲಿ ಎಲೆಗಳು ಕಳೆದುಕೊಳ್ಳುವ ನೀರನ್ನು ಗಾಯಗೊಂಡ ಬೇರು ತುಂಬಿಕೊಡಲಾರದು. ಹಾಗಾಗಿ ಶಿವರಾತ್ರಿ ಕಳೆದು ಚಳಿ ಹೋದ ಮೇಲಿನ ಕೆಲವು ವಾರಗಳು, ಇಲ್ಲವೇ ಜೂನ್‌ನಲ್ಲಿ ಮಳೆ ಹಿಡಿದ ಮೇಲಿನ ದಿನಗಳು ಈ ಕೆಲಸಕ್ಕೆ ಒಳ್ಳೆಯವು.

ಇದೇ ನರ್ಸರಿಯಿಂದ ಹಿಂದೆ ಕೊಂಡಿದ್ದ ಅಗ್ಲೋನಿಮಾ ಗಿಡದ ಕಥೆ ಬೇರೆ. ನಮ್ಮ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಹಲವು ಆಂಧ್ರದ ರಾಜಮಹೇಂದ್ರಿಯ ಹತ್ತಿರದ ಕಡಿಯಂನಿಂದ ಲಾರಿಯಲ್ಲಿ ಬರುತ್ತವೆ. ಸಾಗಣೆಯಲ್ಲಿ ಉದುರದಂತೆ ಅವುಗಳ ಬುಡಕ್ಕೆ ಜಿಗುಟಾದ ಜೇಡಿಮಣ್ಣಿನ ಉಂಡೆ ಇರುತ್ತದೆ. ಈ ಉಂಡೆಯನ್ನು ಹಾಗೆಯೇ ಇಟ್ಟು ಸುತ್ತ ಸಡಿಲ ಮಣ್ಣು ತುಂಬಿದರೆ ಹೊರಗಿನ ಮಣ್ಣು ಒದ್ದೆಯಾಗಿ ಕಾಣುವಾಗಲೂ ಉಂಡೆಯ ನಡುಭಾಗ ಕಲ್ಲಿನಂತೆ ಒಣಗಿರಬಹುದು, ಇಲ್ಲವೇ ಒಮ್ಮೆ ನೆನೆದದ್ದು ಆರದೆ ಕೊಳೆಯಬಹುದು. ಮಾಲಿ ಅದನ್ನು ಬಕೆಟ್ ನೀರಿನಲ್ಲಿ ನೆನೆಹಾಕಿ, ಬೆರಳಿನಿಂದ ಮೆಲ್ಲಗೆ ಕರಗಿಸಿ, ಹೀರುಬೇರುಗಳನ್ನು ಕಿತ್ತುಹೋಗದಂತೆ ಬಿಡಿಸಿದ ತಾಳ್ಮೆಗೆ ಕೊಟ್ಟ 120 ರೂಪಾಯಿ ಕಡಿಮೆಯೇ. ಕೊಂಡ ದಿನವೇ ಇದನ್ನು ಮಾಡಿಕೊಡುವುದಿಲ್ಲ; ಗಿಡ ಮನೆಯ ಬೆಳಕಿಗೆ ಹೊಂದಿಕೊಳ್ಳಲು ಕೆಲವು ವಾರ ಬಿಡಬೇಕೆನ್ನುತ್ತಾರೆ, ಅದೂ ಸರಿಯೇ.

ಇನ್ನು ದೂರುಗಳು. ಗಿಡ ನೋಡುವ ಜಾಗದಲ್ಲಿ ತೋರುವ ವಿವೇಕ ಕುಂಡ ಮಾರುವ ಜಾಗದಲ್ಲಿ ಕಾಣುವುದಿಲ್ಲ. 6 ಇಂಚಿನ ಕುಂಡದ ಗಿಡಕ್ಕೆ 12 ಇಂಚಿನ ಪಿಂಗಾಣಿ ಕುಂಡವನ್ನು ತೋರಿಸಿ, ಮತ್ತೆ ಮತ್ತೆ ಬದಲಾಯಿಸುವ ಕಷ್ಟ ತಪ್ಪುತ್ತದೆಂದು ಒತ್ತಾಯಿಸಿದರು. ಹೊಸ ಕುಂಡದ ಬಾಯಿ ಹಳೆಯದಕ್ಕಿಂತ ಒಂದೆರಡು ಇಂಚು ಅಗಲವಿದ್ದರೆ ಸಾಕು. ಬೇರು ತಲುಪದ ಮಣ್ಣಿನ ನೀರನ್ನು ಹೀರಲು ಯಾರೂ ಇಲ್ಲವಾದ್ದರಿಂದ ದೊಡ್ಡ ಕುಂಡ ವಾರಗಟ್ಟಲೆ ಹಸಿಯಾಗಿಯೇ ಉಳಿದು ಬೇರು ಕೊಳೆಯುತ್ತದೆ. ಜೊತೆಗೆ ಆ ಪಿಂಗಾಣಿ ಕುಂಡಗಳಲ್ಲಿ ಕೆಲವಕ್ಕೆ ಅಡಿಯಲ್ಲಿ ತೂತೇ ಇರಲಿಲ್ಲ. ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಸಾಧಾರಣ ಮಣ್ಣಿನ ಕುಂಡಗಳು, ಗೋಡೆಯ ಮೂಲಕವೂ ತೇವವನ್ನು ಬಿಡುವುದರಿಂದ, ನೀರು ಹೆಚ್ಚು ಹಾಕುವ ಕೈಗೆ ಅವೆಲ್ಲಕ್ಕಿಂತ ವಾಸಿ.

ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಹಾಕುವ ಪದ್ಧತಿಯನ್ನೂ ಇವರು ಬಿಟ್ಟಿಲ್ಲ. ನೀರು ಬಸಿಯಲೆಂದೇ ಹಾಕುವ ಈ ಪದರ ಮಾಡುವುದು ಅದಕ್ಕೆ ಉಲ್ಟಾ. ಮೇಲಿನ ಸಣ್ಣ ಕಣಗಳ ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಇಳಿಯುವುದಿಲ್ಲ. ಹಾಗಾಗಿ ಕುಂಡದ ತಳದಲ್ಲಿ ನಿಲ್ಲಬೇಕಿದ್ದ ಹಸಿ ಪದರ ಜಲ್ಲಿಯ ಮೇಲಕ್ಕೆ, ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಏರಿ ಕೂರುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಜಾಲರಿಯ ತುಂಡು ಇಟ್ಟರೆ ಸಾಕೆಂದು ಹೇಳಿದಾಗ ಮಾಲಿ ವಾದಿಸದೆ ಜಲ್ಲಿಯನ್ನು ತೆಗೆದರು, ಒಪ್ಪಿದಂತೆ ಮಾತ್ರ ಕಾಣಲಿಲ್ಲ.

ನನ್ನ ದೊಡ್ಡ ಆಕ್ಷೇಪ ಮಣ್ಣಿನ ಬಗ್ಗೆ. ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿದ ಒಂದೇ ರಾಶಿಯಿಂದ ಎಲ್ಲ ಗಿಡಗಳಿಗೂ ತುಂಬುತ್ತಾರೆ. ಮಾನ್‌ಸ್ಟೆರಾ ದಕ್ಷಿಣ ಮೆಕ್ಸಿಕೋದಿಂದ ಪನಾಮಾದವರೆಗಿನ ಕಾಡುಗಳಲ್ಲಿ ಮರ ಹತ್ತಿ ಬೆಳೆಯುವ ಬಳ್ಳಿ. ಅದರ ಬೇರಿಗೆ ಗಾಳಿಯಾಡುವ ಒರಟು ಮಿಶ್ರಣ ಬೇಕು. ಜೀಜೀ ಪ್ಲಾಂಟ್ ಪೂರ್ವ ಆಫ್ರಿಕಾದ್ದು, ಗೆಡ್ಡೆಯಲ್ಲೇ ನೀರು ಕೂಡಿಟ್ಟುಕೊಂಡು ಬರವನ್ನು ದಾಟುವ ಗಿಡ. ಅದಕ್ಕೆ ಬೇಗ ಒಣಗುವ ಮಣ್ಣು ಬೇಕು. ಇವೆರಡಕ್ಕೂ ಕೋಕೋಪೀಟ್ ತುಂಬಿದ ಒಂದೇ ಮಣ್ಣು ಹೊಂದುವುದಿಲ್ಲ, ಏಕೆಂದರೆ ಅದು ಮೇಲೆ ಒಣಗಿದಂತೆ ಕಾಣುವಾಗಲೂ ಕೆಳಗೆ ತೇವವನ್ನು ಹಿಡಿದಿರುತ್ತದೆ. ಸರಿಯಾಗಿ ತೊಳೆಯದ ಕೋಕೋಪೀಟಿನಲ್ಲಿ ಉಪ್ಪಿನಂಶವೂ ಇರುತ್ತದೆ. ಬೋರ್‌ವೆಲ್ ನೀರಿನ ಉಪ್ಪು ಅದಕ್ಕೆ ಸೇರಿದರೆ ಎಲೆಯ ತುದಿ ಸುಡುತ್ತದೆ. ಮಣ್ಣನ್ನು ಸಡಿಲಗೊಳಿಸಲು ಬೆರೆಸುವ ಹಗುರವಾದ ಬಿಳಿ ಹರಳು, ಪರ್ಲೈಟ್, ದುಬಾರಿಯೆಂಬುದು ಇವರ ಸಮಾಧಾನ. ಮಂಡ್ಯದ ಸುತ್ತ ಇಷ್ಟು ಅಕ್ಕಿ ಗಿರಣಿಗಳಿರುವಾಗ ಕರಿಯಾಗುವಂತೆ ಸುಟ್ಟ ಭತ್ತದ ಹೊಟ್ಟು, ಇದ್ದಿಲಿನ ಚೂರು, ತೆಂಗಿನ ಸಿಪ್ಪೆಯ ತುಂಡುಗಳನ್ನು ಬೆರೆಸಿದ ಎರಡನೆಯ ರಾಶಿಯೊಂದನ್ನು ಇಟ್ಟುಕೊಳ್ಳುವುದು ಕಷ್ಟವಲ್ಲ. ನಾನು ಇದ್ದಿಲು ಮತ್ತು ಸಿಪ್ಪೆಯ ತುಂಡುಗಳನ್ನು ಮನೆಯಿಂದ ಒಯ್ದಿದ್ದೆ; ಬೇಸರಪಡದೆ ಅವನ್ನೇ ಬೆರೆಸಿಕೊಟ್ಟರು, ಕೂಲಿಯಲ್ಲಿ ಮಾತ್ರ ಬಿಡಲಿಲ್ಲ.

ಕೈಕೆಲಸದಲ್ಲಿ ಕೊಂಕು ತೆಗೆಯುವಂಥದ್ದಿಲ್ಲ. ಸುತ್ತಿಕೊಂಡ ಬೇರನ್ನು ಬಿಡಿಸಿದರು, ಕಾಂಡವನ್ನು ಮೊದಲಿದ್ದ ಆಳಕ್ಕಿಂತ ಕೆಳಗೆ ಹೂಳಲಿಲ್ಲ, ನೀರು ನಿಲ್ಲಲು ಅಂಚಿನಿಂದ ಒಂದು ಇಂಚು ಖಾಲಿ ಬಿಟ್ಟರು, ಮಣ್ಣನ್ನು ಗುದ್ದಿ ಗಟ್ಟಿಮಾಡಲಿಲ್ಲ. ಮಾನ್‌ಸ್ಟೆರಾ, ಅಗ್ಲೋನಿಮಾಗಳ ರಸ ಚರ್ಮಕ್ಕೆ ತುರಿಕೆ ತರುತ್ತದೆ. ಆದರೂ ಕೆಲಸದವರ ಕೈಯಲ್ಲಿ ಗ್ಲೌಸ್ ಇರಲಿಲ್ಲ.

ಮನೆಗೆ ತಂದ ಮೇಲೆ ಏನು ಮಾಡಬೇಕೆಂಬ ಸಲಹೆ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. "ದಿನಾ ಸ್ವಲ್ಪ ನೀರು ಹಾಕಿ, ಹದಿನೈದು ದಿನಕ್ಕೆ ಗೊಬ್ಬರ ಹಾಕಿ" ಎಂದು ಬಿಲ್ ಬರೆಯುವವರು ಹೇಳುತ್ತಾರೆ, ಎರಡೂ ಬೇಡ. ಮೊದಲ ಸಲ ಅಡಿಯಿಂದ ಹರಿದುಹೋಗುವಷ್ಟು ನೀರು ಹಾಕಿ, ಆಮೇಲೆ ಮೇಲಿನ ಒಂದೆರಡು ಇಂಚು ಮಣ್ಣು ಒಣಗಿದಾಗ ಮಾತ್ರ ಹಾಕಬೇಕು. ಜೀಜೀ, ಸ್ನೇಕ್ ಪ್ಲಾಂಟುಗಳಿಗೆ ಅದಕ್ಕಿಂತಲೂ ತಡವಾಗಿ. ಮಿಶ್ರಣದಲ್ಲೇ ಎರೆಹುಳು ಗೊಬ್ಬರ ಇರುವಾಗ ಮೊದಲ ಒಂದೂವರೆ ತಿಂಗಳು ಬೇರೆ ಗೊಬ್ಬರ ಬೇಕಿಲ್ಲ. ನೇರ ಬಿಸಿಲು ತಾಗದ ಬೆಳಕಿನಲ್ಲಿಟ್ಟರೆ, ಹಳೆಯ ಒಂದೆರಡು ಎಲೆ ಉದುರಿದರೂ ಗಿಡ ಚೇತರಿಸಿಕೊಳ್ಳುತ್ತದೆ.

ಜೇಡಿಮಣ್ಣಿನ ಉಂಡೆ ಬಿಡಿಸುವ ಧೈರ್ಯವಿಲ್ಲದವರು, ಕುಂಡ ಎತ್ತಲಾಗದ ಹಿರಿಯರು, ಬಾಲ್ಕನಿಯಲ್ಲಿ ಮಣ್ಣು ಹರಡಲು ಜಾಗವಿಲ್ಲದವರು ಇಲ್ಲಿಗೆ ಹೋಗಬಹುದು. ಕುಂಡವನ್ನು ಬೇರೆಡೆಯಿಂದ ಕೊಂಡು, ಸಿಪ್ಪೆ ಮತ್ತು ಇದ್ದಿಲನ್ನು ಜೊತೆಗೊಯ್ದು, ಹಿರಿಯ ಮಾಲಿ ಇರುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡುವುದು ಒಳ್ಳೆಯದು. ಆಯುಧಪೂಜೆಯ ಹಿಂದಿನ ವಾರ ಅಲ್ಲಿ ಚೆಂಡು ಹೂವಿನ ಗಿಡಗಳ ವ್ಯಾಪಾರವೇ ಮುಗಿಯದಿರುವುದರಿಂದ ಆಗ ಈ ಕೆಲಸಕ್ಕೆ ಯಾರೂ ಸಿಗುವುದಿಲ್ಲ.