ವಿಮರ್ಶೆಗೆ ಹಣವೋ, ಉಚಿತ ವಸ್ತುವೋ, ಕಮಿಷನ್ನೋ?

ಮೊಬೈಲ್, ಮಿಕ್ಸರ್‌ಗಳ ವಿಮರ್ಶೆ ಬರೆಯುವವರಿಗೆ ಒಂದಿಷ್ಟು ಹೆಸರು ಬಂದ ಕೂಡಲೇ ಕಂಪನಿಗಳ ಕರೆ ಶುರುವಾಗುತ್ತದೆ.

ನೇರ ಸಂಭಾವನೆಯಲ್ಲಿ ಆದಾಯ ಖಚಿತ. ಆದರೆ ಒಪ್ಪಂದಪತ್ರವನ್ನು ಸಾಲು ಸಾಲಾಗಿ ಓದಿ. ‘ಪ್ರಕಟಣೆಗೆ ಮುನ್ನ ಕಂಪನಿಯ ಒಪ್ಪಿಗೆ ಕಡ್ಡಾಯ’ ಎಂದಿದ್ದರೆ ನೀವು ಬರೆಯುವುದು ಜಾಹೀರಾತು. ಬ್ಯಾಟರಿ ಸಂಜೆಯೊಳಗೆ ಖಾಲಿಯಾಗುತ್ತದೆ ಎಂಬ ಮಾತಿಗೇ ಮೊದಲು ಕತ್ತರಿ ಬೀಳುವುದು. ಅದನ್ನು ವಿಮರ್ಶೆ ಎಂದು ಕರೆದರೆ ನಂಬಿ ಓದಿದವರಿಗೆ ದ್ರೋಹ ಬಗೆದಂತೆ.

ಕಮಿಷನ್ ಲಿಂಕ್‌ನಲ್ಲಿ ಬರಹವನ್ನು ಯಾರೂ ತಿದ್ದುವುದಿಲ್ಲ. ಆದರೆ ಬರಹದಲ್ಲಿ ಕೊಟ್ಟ ಆ ಲಿಂಕ್ ಒತ್ತಿ ಓದುಗರು ವಸ್ತುವನ್ನು ಕೊಂಡರಷ್ಟೇ ಹಣ. ‘ಕೊಳ್ಳಬೇಡಿ’ ಎಂದು ಬರೆಯಲು ಕೈ ಹಿಂಜರಿಯುತ್ತದೆ.

ಉಚಿತವಾಗಿ ಬಂದ ವಸ್ತುವನ್ನು ಇಟ್ಟುಕೊಳ್ಳುವುದು ಬೇರೆ, ಪರೀಕ್ಷಿಸಿ ಹಿಂದಿರುಗಿಸುವುದು ಬೇರೆ. 2022ರಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಸುತ್ತೋಲೆಯಲ್ಲಿ ಇದೇ ಗೆರೆ ಎಳೆಯಿತು: ಹಿಂದಿರುಗಿಸಿದರೆ ಅದು ಲಾಭವಲ್ಲ, ಉಳಿಸಿಕೊಂಡರೆ ಲಾಭ. ಇಂಥ ಲಾಭದ ಮೌಲ್ಯ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಮೂಲದಲ್ಲೇ, ಅಂದರೆ ಕೊಡುವ ಕಂಪನಿಯ ಹಂತದಲ್ಲೇ, ಶೇ 10ರಷ್ಟು ತೆರಿಗೆ. ನೈತಿಕತೆಗೂ ಈ ಗೆರೆಯೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರರಲ್ಲಿ ಯಾವುದನ್ನು ಒಪ್ಪಿದರೂ ಮುಚ್ಚಿಡುವಂತಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಮಾರ್ಗಸೂಚಿಯ ಪ್ರಕಾರ ಉಡುಗೊರೆ, ರಿಯಾಯಿತಿಗಳನ್ನೂ ಎದ್ದು ಕಾಣುವಂತೆ, ಸರಳವಾಗಿ ತಿಳಿಸಬೇಕು. ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹುದುಗಿಸಬಾರದು. ದಾರಿ ತಪ್ಪಿಸುವ ಶಿಫಾರಸಿಗೆ 10 ಲಕ್ಷ ರೂಪಾಯಿಯವರೆಗೆ ದಂಡವಿದೆ.

ಹೊಸಬರು ಹಿಂದಿರುಗಿಸುವ ಕರಾರಿನಿಂದಲೇ ಆರಂಭಿಸಲಿ. ವಸ್ತು ಯಾರಿಂದ ಬಂತು, ಯಾವಾಗ ವಾಪಸು ಹೋಯಿತು ಎಂಬುದನ್ನು ವಿಮರ್ಶೆಯ ಮೊದಲ ಪ್ಯಾರಾದಲ್ಲೇ ಬರೆಯಲಿ.