ಮೊಣಕಾಲಿನೊಳಗೆ ಕರಗುವ ಸ್ಕ್ರೂ: ಬಳಸಿದವರ ಕಡೆಯಿಂದ ಒಂದು ವಿಮರ್ಶೆ

ಕಬಡ್ಡಿ ಆಡುವಾಗ ನನ್ನ ತಮ್ಮನ ಮೊಣಕಾಲಿನ ಎಸಿಎಲ್, ಅಂದರೆ ತೊಡೆಮೂಳೆಯನ್ನು ಕಾಲಿನ ಮೂಳೆಗೆ ಬಿಗಿಹಿಡಿಯುವ ಲಿಗಮೆಂಟ್ (ಅಸ್ಥಿರಜ್ಜು), ಹರಿಯಿತು. ಪುಣೆಯ ಆಸ್ಪತ್ರೆಯೊಂದರಲ್ಲಿ ಕಸಿ ಮಾಡಿದ ಸ್ನಾಯುರಜ್ಜುವನ್ನು ಮೂಳೆಗೆ ಬಿಗಿಯಲು ಟೈಟಾನಿಯಂ ಬದಲು ಪಾಲಿಲ್ಯಾಕ್ಟಿಕ್ ಆಮ್ಲದ ಸ್ಕ್ರೂ ಬಳಸಿದರು. ಇಲ್ಲಿನ ಕನ್ನಡ ಬಳಗದ ಹಲವರು ಅದರ ಬಗ್ಗೆ ವಿಚಾರಿಸುತ್ತಿರುವುದರಿಂದ ಅದರ ಗುಣದೋಷಗಳನ್ನು ಬರೆಯುತ್ತಿದ್ದೇನೆ.

ಸಸ್ಯಮೂಲದ್ದಾದ್ದರಿಂದ ದೇಹದಲ್ಲಿ ಕರಗುತ್ತದೆ ಎಂದಷ್ಟೇ ನಮಗೆ ಹೇಳಿದ್ದರು. ಈ ವಿವರಣೆ ಸಾಲದು, ಸರಿಯೂ ಅಲ್ಲ. ಹತ್ತಿಯೂ ಸಸ್ಯಮೂಲದ್ದೇ, ಆದರೆ ಅದರ ಸೆಲ್ಯುಲೋಸನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿಲ್ಲವಾದ್ದರಿಂದ, ಶಸ್ತ್ರಚಿಕಿತ್ಸೆಯ ವೇಳೆ ಒಳಗೇ ಉಳಿದುಹೋದ ಬಟ್ಟೆ ವರ್ಷಗಟ್ಟಲೆ ಹಾಗೆಯೇ ಇರಬಲ್ಲದು. ಮೆಕ್ಕೆಜೋಳದ ಪಿಷ್ಟವನ್ನೋ ಕಬ್ಬಿನ ಸಕ್ಕರೆಯನ್ನೋ ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲವನ್ನು ಉದ್ದನೆಯ ಸರಪಳಿಯಾಗಿ ಹೆಣೆದಾಗ ಪಾಲಿಲ್ಯಾಕ್ಟಿಕ್ ಆಮ್ಲ ಸಿದ್ಧವಾಗುತ್ತದೆ. ಆ ಸರಪಳಿಯ ಕೊಂಡಿಗಳಾದ ಎಸ್ಟರ್ ಬಂಧಗಳನ್ನು ಬಿಡಿಸಲು ಕಿಣ್ವವೇ ಬೇಕೆಂದಿಲ್ಲ, ಅಂಗಾಂಶದಲ್ಲಿರುವ ನೀರು ಸಾಕು. ಸ್ಕ್ರೂವನ್ನು ತೇವ ತಾಗದ ಅಲ್ಯೂಮಿನಿಯಂ ಹಾಳೆಯ ಪೊಟ್ಟಣದಲ್ಲಿ ಮುಚ್ಚಿಡುವುದು ಇದಕ್ಕಾಗಿಯೇ.

ಮೊದಲು ಸರಪಳಿ ತುಂಡಾಗುತ್ತದೆ, ಆಮೇಲೆ ಬಲ ಕುಂದುತ್ತದೆ, ತೂಕ ಇಳಿಯುವುದು ಎಲ್ಲಕ್ಕಿಂತ ಕೊನೆಗೆ. ಹೀಗಾಗಿ ಆಕಾರದಲ್ಲಿ ಇಡಿಯಾಗಿರುವ ಸ್ಕ್ರೂ ತನ್ನ ಹಿಡಿತವನ್ನು ಅದಾಗಲೇ ಕಳೆದುಕೊಂಡಿರಬಹುದು. ಅಷ್ಟರೊಳಗೆ ರಜ್ಜು ಮೂಳೆಗೆ ಬೆಸೆದುಕೊಂಡಿರಬೇಕು. ಬಿಡಿಯಾದ ಲ್ಯಾಕ್ಟಿಕ್ ಆಮ್ಲ ಓಡುವಾಗ ನಮ್ಮ ಸ್ನಾಯುಗಳಲ್ಲೇ ಹುಟ್ಟುವಂಥದ್ದು. ಜೀವಕೋಶಗಳು ಅದನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತವೆ. ಗ್ಲೈಕೋಲಿಕ್ ಆಮ್ಲ ಬೆರೆತ ಪಾಲಿಮರ್ (ಇಂಥ ಸರಪಳಿ ವಸ್ತು) ಕೆಲವೇ ತಿಂಗಳಲ್ಲಿ ಕರಗಿದರೆ, ಸ್ಫಟಿಕದಂತೆ ಒತ್ತಾಗಿ ಜೋಡಣೆಗೊಂಡ ಶುದ್ಧ ಎಲ್-ಪಾಲಿಲ್ಯಾಕ್ಟಿಕ್ ಆಮ್ಲ (ಎಲ್ ಎಂಬ ಒಂದೇ ರೂಪದ ಲ್ಯಾಕ್ಟಿಕ್ ಆಮ್ಲದಿಂದ ಹೆಣೆದದ್ದು) ಪೂರ್ತಿ ಮಾಯವಾಗಲು 2ರಿಂದ 5 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಆಮ್ಲ ಹೊರಹೋಗುವುದಕ್ಕಿಂತ ವೇಗವಾಗಿ ಒಂದೆಡೆ ಶೇಖರವಾದರೆ ಸೋಂಕಿಲ್ಲದೆಯೂ ಊತ ಬರಬಹುದು, ನೀರುಗುಳ್ಳೆ ಏಳಬಹುದು. ಇದನ್ನು ತಗ್ಗಿಸಲು ಮೂಳೆಯ ಖನಿಜವನ್ನು ಹೋಲುವ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಲವಣ ಬೆರೆಸುತ್ತಾರೆ. ಅದು ಆಮ್ಲೀಯತೆಯನ್ನು ಒಂದಷ್ಟು ಶಮನಗೊಳಿಸುವುದರ ಜೊತೆಗೆ ಹೊಸ ಮೂಳೆ ಬೆಳೆಯಲು ಆಸರೆಯೂ ಆಗುತ್ತದೆ. ತಮ್ಮನಿಗೆ ಹಾಕಿದ್ದು ಈ ಬೆರಕೆಯ ಸ್ಕ್ರೂ, ನನ್ನ ಆಯ್ಕೆಯೂ ಅದೇ.

ಎಂಆರ್‌ಐ ಚಿತ್ರವನ್ನು ಲೋಹದಂತೆ ಕೆಡಿಸುವುದಿಲ್ಲ ಎಂಬುದು ಇದರ ದೊಡ್ಡ ಅನುಕೂಲ. ಆದರೆ ಬಿಗಿಯುವಾಗಲೇ ಮುರಿಯುವ ಸಾಧ್ಯತೆ ಲೋಹಕ್ಕಿಂತ ಹೆಚ್ಚು. ಇಡೀ ಮೈಭಾರ ಹೊರುವ ತೊಡೆಮೂಳೆ ಮುರಿದಿದ್ದರೆ ನಾನು ಇಂಥ ವಸ್ತುವನ್ನು ಒಪ್ಪುತ್ತಿರಲಿಲ್ಲ.

ಡಿಸ್ಚಾರ್ಜ್ ಪತ್ರದಲ್ಲಿ ಬರೀ ಬಯೋ ಸ್ಕ್ರೂ ಎಂದು ಬರೆದದ್ದು ನನಗೆ ತೀರಾ ಬೇಸರ ತಂದಿತು. ಪೊಟ್ಟಣದ ಮೇಲಿನ ಸ್ಟಿಕರನ್ನು ತಪ್ಪದೆ ಕೇಳಿ ಪಡೆಯಿರಿ: ಎರಡು ವರ್ಷಗಳ ನಂತರ ಮೊಣಕಾಲು ಊದಿಕೊಂಡರೆ, ಒಳಗಿರುವುದು ಯಾವ ಪಾಲಿಮರ್ ಎಂಬುದನ್ನೇ ವೈದ್ಯರು ಮೊದಲು ಕೇಳಬೇಕಾಗುತ್ತದೆ.